ಮರಕ್ಕೆ ಒಪ್ಪಿಸಿದ ಸಾಮಗ್ರಿ

(ಬಾನುಲಿ ಭಾಷಣ)

ಪಾಂಡವರು ಅಜ್ಞಾತವಾಸಕ್ಕೆಂದು ವಿರಾಟನ ನಗರವನ್ನು ಹೊಗುವ ಮುನ್ನ ತಮ್ಮ ಆಯುಧಗಳನ್ನು ಬನ್ನಿಯ ಮರದ ಮೇಲೆ ಇರಿಸಿದ ಕಥೆ ನಮಗೆಲ್ಲರಿಗೂ ತಿಳಿದದ್ದೇ. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಕೈಯಿಂದ ಕೈಗೆ ಕೊಟ್ಟು ಬಂಗಾರದಂತೆ ಬಾಳೋಣ ಎಂದು ಹಾರೈಸುವ ವಾಡಿಕೆಯಲ್ಲಿ, ಮೈಸೂರಿನ ದಸರೆಯ ಮೆರವಣಿಗೆ ಬನ್ನಿಮಂಟಪವನ್ನು ಸೇರುವ ಸಂಪ್ರದಾಯದಲ್ಲಿ, ಆ ಕಥೆ ಇಂದಿಗೂ ನಮ್ಮ ನಡುವೆ ಜೀವಂತವಾಗಿದೆ. ಆದರೆ ವ್ಯಾಸಭಾರತದ ವಿರಾಟಪರ್ವದಲ್ಲಿ ಆ ಪ್ರಸಂಗವನ್ನು ಸಾವಧಾನವಾಗಿ ಓದುವವರಿಗೆ ಅದರಲ್ಲಿ ಪವಾಡಕ್ಕಿಂತ ಹೆಚ್ಚಾಗಿ ಒಂದು ಕೆಲಸದ ಕ್ರಮ ಕಂಡುಬರುತ್ತದೆ.

ಮೊದಲು ಅಣ್ಣತಮ್ಮಂದಿರು ತಂತಮ್ಮ ಬಿಲ್ಲುಗಳ ಹೆದೆಯನ್ನು ಇಳಿಸುತ್ತಾರೆ. ಅವರು ಆರಿಸಿಕೊಂಡ ಮರ ದೊಡ್ಡದು, ಹತ್ತಲು ಕಷ್ಟವಾದದ್ದು, ಜನರ ಓಡಾಟವಿಲ್ಲದ ಸ್ಮಶಾನದ ಬಳಿ ಇರುವಂಥದು. ಐವರೂ ಹತ್ತುವುದಿಲ್ಲ; ನಕುಲನೊಬ್ಬನೇ ಹತ್ತುತ್ತಾನೆ. ಹತ್ತಿದವನು ಸಿಕ್ಕ ಕೊಂಬೆಗೆ ಸಿಕ್ಕಂತೆ ಕಟ್ಟುವುದಿಲ್ಲ. ಯಾವ ಕೊಂಬೆ ಮುರಿಯದೆಂದು ತೋರಿತೋ, ಎಲ್ಲಿ ಮಳೆಯ ನೀರು ತಾಗದೋ, ಅಂಥ ಎಡೆಯನ್ನು ನೋಡಿ ಗಟ್ಟಿಯಾದ ಹಗ್ಗದಿಂದ ಬಿಗಿಯುತ್ತಾನೆ. ಕಡೆಗೆ, ದಾರಿಹೋಕರು ಹತ್ತಿರ ಸುಳಿಯದಿರಲೆಂದು ಒಂದು ಶವವನ್ನೂ ಆ ಮರಕ್ಕೆ ಕಟ್ಟಲಾಗುತ್ತದೆ. ಕೇಳಿದ ದನಗಾಹಿಗಳಿಗೆ, ಇದು ನೂರೆಂಬತ್ತು ವರ್ಷ ಬಾಳಿದ ನಮ್ಮ ತಾಯಿಯ ದೇಹ, ಇದು ನಮ್ಮ ಕುಲದ ಪದ್ಧತಿ ಎಂಬ ಉತ್ತರ ಸಿಗುತ್ತದೆ. ವರ್ಷ ಕಳೆದ ಮೇಲೆ ಉತ್ತರಕುಮಾರ ಅಳುಕುತ್ತ ಆ ಮರವನ್ನು ಹತ್ತಿ ಕಟ್ಟನ್ನು ಬಿಚ್ಚಿದಾಗ ಆಯುಧಗಳು ಥಳಥಳಿಸುತ್ತಿದ್ದವು.

ಆಯುಧವನ್ನು ನಿರಪಾಯಗೊಳಿಸುವುದು, ಮರವನ್ನು ಪರೀಕ್ಷಿಸುವುದು, ಕಟ್ಟನ್ನು ಭದ್ರಪಡಿಸುವುದು, ಮಳೆಯಿಂದ ಮರೆಮಾಡುವುದು, ಪರರ ಕೈಗೆ ಸಿಗದಂತೆ ನೋಡಿಕೊಳ್ಳುವುದು, ಕಾಲ ಬಂದಾಗ ಮರಳಿ ಬಂದು ಇಳಿಸಿಕೊಳ್ಳುವುದು. ಕಾಡಿನಲ್ಲಿ ಮರಕ್ಕೆ ಏನನ್ನಾದರೂ ತೂಗುಹಾಕುವವನು ಇಂದಿಗೂ ಅನುಸರಿಸಬೇಕಾದ ನಿಯಮಗಳು ಇಷ್ಟೇ. ಇವುಗಳ ಹಿಂದಿರುವ ಕಾರಣವೂ ಒಂದೇ. ತೂಗುಹಾಕಿದವನು ಅಲ್ಲಿಯೇ ನಿಂತು ಕಾಯುವುದಿಲ್ಲ. ಅವನು ಹೊರಟುಹೋಗುತ್ತಾನೆ, ಇಲ್ಲವೆ ಕುಳಿತಲ್ಲಿಯೇ ತೂಕಡಿಸುತ್ತಾನೆ. ಆಮೇಲೆ ಆ ವಸ್ತು ಮರದ ವಶ, ಹಗ್ಗದ ವಶ, ಗಾಳಿಮಳೆಯ ವಶ. ಅದರ ಕೆಳಗೆ ಯಾರು ಹಾದುಹೋಗುವರೋ ಅವನಿಗೆ ತಿಳಿಯದು. ಆದುದರಿಂದ ಅವನ ಎಚ್ಚರವೆಲ್ಲ ಕಟ್ಟುವ ಹೊತ್ತಿನಲ್ಲಿಯೇ ಮುಗಿದಿರಬೇಕು.

ಮರವನ್ನು ಹತ್ತಿ ಕಾಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯಲು ಕಟ್ಟುವ ಮಂಚಿಕೆ, ಗದ್ದೆಗೆ ಬರುವ ಹಂದಿಯನ್ನು ಕಾಯಲು ಮಲೆನಾಡಿಗರು ಹಾಕುವ ಮಾಳ, ಬೇಟೆಗಾರನ ಅಟ್ಟಣೆ, ಇವೆಲ್ಲ ಒಂದೇ ಕುಲದವು. ಮರದ ಮೇಲೆ ಹೊಂಚಿ ಕುಳಿತು ಆಡುವ ಬೇಟೆಗೆ ಮಲೆನಾಡಿನಲ್ಲಿ 'ಮರಸು' ಎಂಬ ಅಚ್ಚಗನ್ನಡದ ಹೆಸರೇ ಉಂಟು. ಜಿಮ್ ಕಾರ್ಬೆಟ್ಟರ, ಬೆಂಗಳೂರಿನವರೇ ಆಗಿದ್ದ ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಮಚಾನು ಎಂಬ ಮಾತು ಮನೆಯ ಮಾತಿನಷ್ಟೇ ಪರಿಚಿತ. ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕಾರ್ಬೆಟ್ಟರು 1926ರ ಮೇ 2ರ ರಾತ್ರಿ ಕೊಂದದ್ದು ಗುಲಾಬ್‌ರಾಯಿಯ ಒಂದು ಮಾವಿನ ಮರದ ಮೇಲಿನಿಂದ. ಎಂಟು ವರ್ಷಗಳಲ್ಲಿ 125 ಜನರನ್ನು ತಿಂದಿತ್ತೆಂದು ಸರಕಾರದ ಲೆಕ್ಕದಲ್ಲಿ ದಾಖಲಾದ ಆ ಪ್ರಾಣಿಗಾಗಿ ಅವರು ಅದೇ ಮರದಲ್ಲಿ ರಾತ್ರಿಯ ಮೇಲೆ ರಾತ್ರಿ ಕುಳಿತಿದ್ದರು. ಓದುಗರಾದ ನಮ್ಮ ಕಣ್ಣು ಚಿರತೆಯ ಮೇಲೆ ನೆಟ್ಟಿರುತ್ತದೆ. ಮರದ ಮೇಲಿದ್ದವನು ತನ್ನ ಕೋವಿಯನ್ನು ಹೇಗೆ ಮೇಲಕ್ಕೆ ಒಯ್ದ, ನೀರಿನ ಸೀಸೆಯನ್ನು ಎಲ್ಲಿ ತೂಗಿದ, ಕತ್ತಲಲ್ಲಿ ಕೈ ಚಾಚಿದರೆ ಟಾರ್ಚು ಸಿಗುವಂತೆ ಹೇಗೆ ಇಟ್ಟುಕೊಂಡ ಎಂಬುದನ್ನು ನಾವು ಕೇಳುವುದಿಲ್ಲ. ಆದರೆ ಆ ರಾತ್ರಿ ಸುಸೂತ್ರವಾಗಿ ಕಳೆಯುವುದು ಬಹುಮಟ್ಟಿಗೆ ಈ ಸಣ್ಣ ಸಂಗತಿಗಳ ಮೇಲೆಯೇ.

ಮೊದಲನೆಯ ಮಾತು, ಹತ್ತುವವನ ಕೈಯಲ್ಲಿ ಏನೂ ಇರಕೂಡದು. ಮರ ಹತ್ತುವಾಗ ಎರಡು ಕೈ ಎರಡು ಕಾಲುಗಳಲ್ಲಿ ಮೂರು ಸದಾ ಆಧಾರವನ್ನು ಹಿಡಿದಿರಬೇಕು. ಒಂದು ಮಾತ್ರ ಮುಂದಿನ ಆಧಾರವನ್ನು ಅರಸಬೇಕು. ಹೆಗಲಿನಲ್ಲಿ ಕೋವಿ ತೂಗಿಕೊಂಡು ಹತ್ತುವವನಿಗೆ ಇದು ಸಾಧ್ಯವಾಗದು. ಕೋವಿಯ ನಳಿಗೆ ಕೊಂಬೆಗೆ ತಗುಲುತ್ತದೆ, ಪಟ್ಟಿ ಜಾರುತ್ತದೆ, ಅದನ್ನು ಸರಿಪಡಿಸಲು ಒಂದು ಕೈ ಬೇಕಾಗುತ್ತದೆ. ಆ ಒಂದು ಕ್ಷಣದಲ್ಲಿಯೇ ಅನಾಹುತ. ಆದುದರಿಂದ ಸಾಮಗ್ರಿಯನ್ನೆಲ್ಲ ನೆಲದ ಮೇಲೆ ಬಿಟ್ಟು, ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗೈಯಲ್ಲಿ ಹತ್ತಿ, ಸ್ವಸ್ಥವಾಗಿ ಕುಳಿತು ತನ್ನನ್ನು ಮರಕ್ಕೆ ಬಿಗಿದುಕೊಂಡ ಮೇಲೆಯೇ ಹಗ್ಗವನ್ನು ಎಳೆದು ಸಾಮಾನನ್ನು ಮೇಲಕ್ಕೆ ತರಬೇಕು. ಇಳಿಯುವಾಗ ಇದೇ ಕ್ರಮ ಹಿಂದುಮುಂದಾಗಿ: ಮೊದಲು ಸಾಮಾನು, ಅನಂತರ ಮನುಷ್ಯ.

ಹೀಗೆ ಎಳೆಯುವ ಕೋವಿ ಬರಿದಾಗಿರಬೇಕು. ತೋಟಾ ಕೋವಿಯಾದರೆ ತೋಟಾ ತೆಗೆದು ನಳಿಗೆಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಹಗ್ಗ ಕಟ್ಟುವಾಗ ಕುದುರೆಯ ಹತ್ತಿರಕ್ಕೆ ಹಗ್ಗ ಬರಕೂಡದು. ಎಳೆಯುವ ದಾರಿಯಲ್ಲಿ ಒಂದು ರೆಂಬೆ ಅದಕ್ಕೆ ಸಿಕ್ಕಿಕೊಂಡರೆ ಸಾಕು. ನಳಿಗೆಯ ಬಾಯಿ ಎಂದಿಗೂ ಎಳೆಯುವವನ ಕಡೆಗೆ ತಿರುಗಿರಬಾರದು. ಬಿಲ್ಲುಗಾರನಾದರೆ ಬಾಣವನ್ನು ಬಿಲ್ಲಿಗೆ ಹೂಡಿ ಎಳೆಯುವಂತಿಲ್ಲ. ಬಾಣಗಳು ಬತ್ತಳಿಕೆಯಲ್ಲಿ, ಅವುಗಳ ಅಲಗಿಗೆ ಮುಚ್ಚಳವಿರಬೇಕು. ಹಗ್ಗವನ್ನು ಹತ್ತುವ ಮಗ್ಗುಲಿಗೆ ಇಳಿಬಿಡದೆ ಮರದ ಇನ್ನೊಂದು ಮಗ್ಗುಲಿಗೆ ಇಳಿಬಿಡಬೇಕು. ಅಕಸ್ಮಾತ್ ಹತ್ತುವವನ ಕಾಲು ಜಾರಿದರೂ ಕೆಳಗೆ ನಿಲ್ಲಿಸಿದ ಆಯುಧದ ಮೇಲೆ ಅವನು ಬೀಳಬಾರದು. ಪಾಂಡವರು ಹೆದೆಯಿಳಿಸಿದ್ದು ಬಿಲ್ಲಿನ ಬಾಳಿಕೆಗಾಗಿಯೂ ಇರಬಹುದು. ಆದರೆ ಮರಕ್ಕೆ ಏರುವ ಆಯುಧ ತನ್ನ ಬಲವನ್ನು ಕೆಳಗೆ ಬಿಟ್ಟು ಏರಬೇಕೆಂಬ ನೀತಿಗೆ ಅದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು.

ಈ ಹಗ್ಗದ ವಿದ್ಯೆಯನ್ನು ಕಲಿಯಲು ನಾವು ದೂರ ಹೋಗಬೇಕಾದದ್ದಿಲ್ಲ. ಮಲೆನಾಡಿನ ಅಡಕೆಯ ತೋಟದಲ್ಲಿ ಕೊನೆಕೊಯ್ಲಿನ ಕಾಲಕ್ಕೆ ನಿಂತು ನೋಡಿದರೆ ಸಾಕು. ಕೊನೆಗೌಡ ಕಾಲಿಗೆ ತಳೆ ಹಾಕಿಕೊಂಡು ಮರವನ್ನು ಏರಿ, ತಲೆಯ ಹತ್ತಿರ ತನ್ನನ್ನು ಭದ್ರಪಡಿಸಿಕೊಂಡು, ಕೊಯ್ದ ಕೊನೆಯನ್ನು ಹಗ್ಗದ ಗುಂಟ ಜಾರಿಬಿಡುತ್ತಾನೆ. ಕೆಳಗೆ ಹಗ್ಗದ ತುದಿಯನ್ನು ಹಿಡಿದವನು ಮರದ ಬುಡದಲ್ಲಿ ನಿಲ್ಲದೆ ದೂರದಲ್ಲಿ ನಿಂತಿರುತ್ತಾನೆ. ಮೇಲಿನವನ ಕಣ್ಣು ಕೊನೆಯ ಮೇಲೆ, ಕೆಳಗಿನವನ ಕಣ್ಣು ಮೇಲಿನವನ ಮೇಲೆ. ಅವರಿಬ್ಬರ ನಡುವೆ ಮಾತು ಹೆಚ್ಚಿಲ್ಲ, ಹಗ್ಗವೇ ಮಾತು. ಇಂಥ ಕೆಲಸ ಮಾಡುವ ಜನರಿಗೆ ಮೇಲಿನಿಂದ ಬೀಳುವ ವಸ್ತುವಿನ ಪೆಟ್ಟು ಎಷ್ಟೆಂಬುದು ತಿಳಿದಿದೆ. ಬೇಟೆಗಾರನ ಒಂದು ಸಣ್ಣ ದುರ್ಬೀನು, ಒಂದು ಮಡಿಸುವ ಚಾಕು ಕೂಡ ಇಪ್ಪತ್ತು ಅಡಿಯ ಮೇಲಿನಿಂದ ಬಿದ್ದರೆ ತಲೆ ಒಡೆಯಬಲ್ಲದು. ಮೇಲೆ ತೂಗುವ ಪ್ರತಿಯೊಂದು ವಸ್ತುವಿಗೂ ಒಂದು ದಾರ, ದಾರದ ತುದಿಗೆ ಒಂದು ಗಟ್ಟಿ ಗಂಟು ಇರಬೇಕೆನ್ನುವುದು ಅದಕ್ಕಾಗಿಯೇ.

ಮರಕ್ಕೆ ತೂಗುವ ಸಾಮಗ್ರಿಗಳಲ್ಲೆಲ್ಲ ಭಾರವಾದದ್ದು, ಬೆಲೆಯುಳ್ಳದ್ದು ಮನುಷ್ಯನ ದೇಹ. ಅಮೆರಿಕೆಯಲ್ಲಿ ಜಿಂಕೆಯ ಬೇಟೆಯ ಋತುವಿನಲ್ಲಿ ಲಕ್ಷಾಂತರ ಜನ ಮರಕ್ಕೆ ಕಟ್ಟುವ ಪೀಠಗಳಲ್ಲಿ ಕುಳಿತು ಕಾಯುತ್ತಾರೆ. ಅಲ್ಲಿ ಬೇಟೆಗಾರರಿಗೆ ಆಗುವ ಗಾಯಗಳ ಮುಖ್ಯ ಕಾರಣಗಳಲ್ಲಿ ಒಂದು, ಮರದಿಂದ ಬೀಳುವುದು. ಹಿಂದೆ ಅಲ್ಲಿಯೂ ಸೊಂಟಕ್ಕೊಂದು ಪಟ್ಟಿ ಸುತ್ತಿಕೊಂಡರೆ ಸಾಕೆಂಬ ಭಾವನೆ ಇತ್ತು. ಬಿದ್ದವನು ಆ ಪಟ್ಟಿಯಲ್ಲಿ ಜೋತಾಡುವಾಗ ಅದು ಹೊಟ್ಟೆಯನ್ನೂ ಎದೆಯನ್ನೂ ಒತ್ತಿ ಉಸಿರನ್ನೇ ಕಟ್ಟಿಸಬಹುದೆಂಬುದು ಅನುಭವದಿಂದ ತಿಳಿದುಬಂದಿತು. ಅದಕ್ಕಾಗಿ ಈಗ ಹೆಗಲು, ಎದೆ, ತೊಡೆಗಳನ್ನು ಒಟ್ಟಿಗೆ ಹಿಡಿಯುವ ಪೂರ್ಣ ದೇಹದ ಪಟ್ಟಿಯನ್ನು ಬಳಸುತ್ತಾರೆ. ಅದನ್ನು ಮೇಲೆ ಕುಳಿತ ಬಳಿಕ ಮಾತ್ರವಲ್ಲ, ನೆಲದಿಂದ ಕಾಲು ಎತ್ತಿದ ಗಳಿಗೆಯಿಂದ ಮತ್ತೆ ನೆಲ ಮುಟ್ಟುವ ತನಕ ಹಗ್ಗಕ್ಕೆ ಸಿಕ್ಕಿಸಿರಬೇಕೆಂಬುದು ನಿಯಮ. ಏಕೆಂದರೆ ಹೆಚ್ಚು ಜನ ಬೀಳುವುದು ಕುಳಿತಾಗಲ್ಲ. ಹತ್ತುವಾಗ, ಇಳಿಯುವಾಗ, ಮರದಿಂದ ಪೀಠಕ್ಕೆ ಕಾಲಿಡುವಾಗ.

ಅಷ್ಟಾದರೂ ಅಪಾಯ ಮುಗಿಯಲಿಲ್ಲ. ಪಟ್ಟಿಯಲ್ಲಿ ನಿಶ್ಚಲವಾಗಿ ಬಹಳ ಹೊತ್ತು ನೇತಾಡುವವನ ಕಾಲುಗಳಲ್ಲಿ ರಕ್ತ ತುಂಬಿ ನಿಂತು ಹೃದಯಕ್ಕೆ ಮರಳುವುದು ಕಡಮೆಯಾಗುತ್ತದೆ. ಮೊದಲು ತಲೆಸುತ್ತು, ಆಮೇಲೆ ಪ್ರಜ್ಞೆ ತಪ್ಪುವುದು, ಕಡೆಗೆ ಪ್ರಾಣಾಪಾಯ. ಹೀಗಾಗಿ ಕಾಲನ್ನು ಊರಿ ನಿಲ್ಲಲು ಒಂದು ಕುಣಿಕೆಯನ್ನೂ ಜತೆಗಿರಿಸಿಕೊಳ್ಳಬೇಕು. ಎಲ್ಲಕ್ಕೂ ಮಿಗಿಲಾಗಿ, ತಾನು ಯಾವ ಮರದಲ್ಲಿ ಕುಳಿತಿರುವೆನೆಂಬುದನ್ನು ಮನೆಯವರಲ್ಲಿ ಒಬ್ಬರಿಗಾದರೂ ಹೇಳಿ ಬಂದಿರಬೇಕು.

ಇನ್ನು ಮರದ ಮಾತು. ಎಲ್ಲ ಮರವೂ ಭಾರ ಹೊರುವ ಮರವಲ್ಲ. ನುಗ್ಗೆಯ ಮರ ಹತ್ತಬೇಡ ಎಂದು ಹಿರಿಯರು ಮಕ್ಕಳನ್ನು ಗದರಿಸುವುದು ಸುಮ್ಮನೆ ಅಲ್ಲ. ಅದರ ಕೊಂಬೆ ಬಾಗುವ ಮುನ್ನ ಮುರಿಯುತ್ತದೆ. ಹುಣಿಸೆಯ ಕೊಂಬೆ ಬಾಗಿಯಾದರೂ ತಾಳುತ್ತದೆ. ತೊಗಟೆ ಸುಲಿದ ಒಣಕೊಂಬೆ, ಗೆದ್ದಲು ಹಿಡಿದ ಬೊಡ್ಡೆ, ಅಣಬೆ ಎದ್ದ ಬುಡ, ಚಗಳಿಯ ಗೂಡು, ಹೆಜ್ಜೇನಿನ ಹುಟ್ಟು, ಇವನ್ನೆಲ್ಲ ಹಗಲಿನಲ್ಲಿ ನೋಡಿಕೊಳ್ಳದೆ ಕತ್ತಲಲ್ಲಿ ಮರ ಹತ್ತುವವನು ತನ್ನ ಶತ್ರುವನ್ನು ತಾನೇ ಅರಸಿಕೊಂಡು ಹೋಗುತ್ತಾನೆ.

ಮರವನ್ನು ಪರೀಕ್ಷಿಸುವುದು ನಮ್ಮ ಹಿತಕ್ಕಾಗಿ. ಮರದ ಹಿತವನ್ನು ನೋಡುವವರಾರು? ತೂಗುಹಾಕಲು ಸುಲಭವಾದ ಉಪಾಯ ಮೊಳೆ. ಈಗ ತಿರುಪಿನಂತೆ ಮರದೊಳಕ್ಕೆ ಕೊರೆದುಕೊಂಡು ಹೋಗುವ ಕಬ್ಬಿಣದ ಕೊಕ್ಕೆಗಳೂ ಬಂದಿವೆ. ತೊಗಟೆಯೆಂದರೆ ಮರದ ಹೊದಿಕೆ ಮಾತ್ರವೆಂದು ನಾವು ತಿಳಿಯುತ್ತೇವೆ. ಎಲೆಯಲ್ಲಿ ಸಿದ್ಧವಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿ; ಅದರ ಒಡಲಿಗೆ ಅಂಟಿಕೊಂಡಿರುವ ತೆಳುವಾದ ಪದರವೇ ಮರದ ಬೆಳವಣಿಗೆಯ ಮೂಲ. ಮನುಷ್ಯನ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಮರ ಗಾಯವನ್ನು ಸುತ್ತುಗಟ್ಟಿ ತನ್ನೊಳಗೇ ಹೂತುಕೊಂಡು ಹೊರಗೆ ಬೆಳೆಯುತ್ತದೆ. ಮರ ಉದ್ದವಾಗುವುದು ತುದಿಯಲ್ಲಿಯಾದುದರಿಂದ ಇಂದು ಹೊಡೆದ ಮೊಳೆ ಐವತ್ತು ವರ್ಷಗಳ ಮೇಲೂ ಅದೇ ಎತ್ತರದಲ್ಲಿ, ಆದರೆ ಕಣ್ಣಿಗೆ ಕಾಣದಂತೆ ಇರುತ್ತದೆ. ಎಂದೋ ಆ ದಿಮ್ಮಿ ಸಾಮಿಲ್ಲಿಗೆ ಬಂದ ದಿನ ಗರಗಸದ ಅಲಗು ಆ ಮೊಳೆಗೆ ತಾಗಿ ಸಿಡಿಯುತ್ತದೆ. ಮೊಳೆ ಹೊಡೆದವನ ಹೆಸರೂ ತಿಳಿಯದ ಒಬ್ಬ ಕೂಲಿಗಾರ ಅದರ ಫಲ ಉಣ್ಣುತ್ತಾನೆ. ಅಮೆರಿಕೆಯ ಅನೇಕ ಸಾರ್ವಜನಿಕ ಅರಣ್ಯಗಳಲ್ಲಿ ಬೇಟೆಗಾರರು ಮರಕ್ಕೆ ಮೊಳೆಯನ್ನಾಗಲಿ ತಿರುಪನ್ನಾಗಲಿ ಹೊಡೆಯಬಾರದೆಂಬ ಕಟ್ಟಳೆ ಇರುವುದು ಈ ಕಾರಣಗಳಿಂದಲೇ.

ಮೊಳೆಗೆ ಬದಲು ಅಗಲವಾದ ಪಟ್ಟಿಯಿಂದ ಕಟ್ಟುವುದು ಲೇಸು. ಆದರೆ ಕಟ್ಟಿ ಮರೆತ ಪಟ್ಟಿ ಮೊಳೆಗಿಂತ ಕ್ರೂರವಾದೀತು. ಮರ ವರ್ಷವರ್ಷವೂ ದಪ್ಪವಾಗುತ್ತದೆ, ಪಟ್ಟಿ ಸಡಿಲವಾಗುವುದಿಲ್ಲ. ಕೆಲವು ವರ್ಷಗಳಲ್ಲಿ ಅದು ತೊಗಟೆಯೊಳಕ್ಕೆ ಇಳಿದು, ಆಹಾರದ ದಾರಿಯನ್ನು ಸುತ್ತಲೂ ಕತ್ತರಿಸಿ, ಮರವನ್ನೇ ಒಣಗಿಸಬಲ್ಲದು. ತೆಳು ತಂತಿಯಾದರೆ ಇನ್ನೂ ಬೇಗ. ಹೊರಗೆ ಬಿಸಿಲು ಮಳೆಗೆ ಸಿಕ್ಕ ಪಟ್ಟಿಯೂ ಲಡ್ಡಾಗುತ್ತದೆ. ಹೋದ ವರ್ಷ ಕಟ್ಟಿದ್ದೇ ಇದೆಯಲ್ಲ ಎಂದು ಈ ವರ್ಷ ಅದನ್ನು ನಂಬಿ ಏರಿದವರು ಬಿದ್ದಿದ್ದಾರೆ. ಕಾಲ ಮುಗಿದ ಮೇಲೆ ಬಿಚ್ಚಬೇಕೆಂಬ ನಿಯಮ ಹೀಗೆ ಮರವನ್ನೂ ಮನುಷ್ಯನನ್ನೂ ಒಟ್ಟಿಗೆ ಕಾಯುತ್ತದೆ.

ನಮ್ಮ ದೇಶದಲ್ಲಿ ಕೋವಿಯೇ ಮರದಿಂದ ಇಳಿಯುವ ಕಾಲ ಬಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಲಿಯ ಬೇಟೆಗೆ ತಡೆ ಹಾಕಿತು. 1991ರ ತಿದ್ದುಪಡಿ ಉಳಿದ ಬೇಟೆಗೂ ಬಹುಮಟ್ಟಿಗೆ ಬಾಗಿಲು ಮುಚ್ಚಿತು. ಕೋವಿ ಇಳಿದ ಮರಕ್ಕೆ ಕ್ಯಾಮರಾ ಬಂದಿತು. ಹೀಗೆ ಬಂದದ್ದು ಅಕಸ್ಮಾತ್ತಲ್ಲ, ಬೇಟೆಗಾರರೇ ಅದನ್ನು ತಂದವರು. ಅಮೆರಿಕೆಯ ಜಾರ್ಜ್ ಶೈರಸ್ ಎಳವೆಯಿಂದ ಬೇಟೆಯಾಡಿದವರು. ಅವರು ಕೋವಿಯನ್ನು ಬಿಟ್ಟು, ಪ್ರಾಣಿಯ ದಾರಿಗೆ ಅಡ್ಡಲಾಗಿ ದಾರ ಕಟ್ಟಿ, ಆ ದಾರವನ್ನು ಪ್ರಾಣಿ ಎಳೆದಾಗ ಬೆಳಕು ಮಿಂಚಿ ಚಿತ್ರ ಮೂಡುವ ಉಪಾಯವನ್ನು ಸಾಧಿಸಿದರು. 1906ರ ಜುಲೈ ತಿಂಗಳ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯಲ್ಲಿ ಅವರ 74 ಚಿತ್ರಗಳು ಅಚ್ಚಾದವು. ನಮ್ಮಲ್ಲಿ ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಅದೇ ಮಾರ್ಗದಿಂದ ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದರು. 1927ರಲ್ಲಿ ಅವರ ಪುಸ್ತಕ ಹೊರಬಂದಿತು. ಒಂದು ಹುಲಿಯ ಪಟ್ಟೆ ಇನ್ನೊಂದರದರಂತೆ ಇರುವುದಿಲ್ಲ, ಪಟ್ಟೆಗಳಿಂದಲೇ ಹುಲಿಯನ್ನು ಗುರುತಿಸಬಹುದೆಂಬುದನ್ನು ಅವರು ಆಗಲೇ ಕಂಡಿದ್ದರು.

ಆ ಕಾಣ್ಕೆಯನ್ನು ಎಣಿಕೆಯ ಶಾಸ್ತ್ರವಾಗಿ ಬೆಳೆಸಿದ ಕೆಲಸ ನಡೆದದ್ದು ನಮ್ಮ ನಾಗರಹೊಳೆಯಲ್ಲಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಅಲ್ಲಿಯ ಕಾಡುದಾರಿಗಳಲ್ಲಿ ಕ್ಯಾಮರಾಗಳನ್ನು ನೆಲೆಗೊಳಿಸಿ, ಮತ್ತೆ ಮತ್ತೆ ಚಿತ್ರಕ್ಕೆ ಸಿಕ್ಕ ಹುಲಿಗಳ ಲೆಕ್ಕದಿಂದ ಸಿಗದ ಹುಲಿಗಳನ್ನೂ ಅಂದಾಜು ಮಾಡುವ ಕ್ರಮವನ್ನು 1995ರ ಒಂದು ಪ್ರಬಂಧದಲ್ಲಿ ವಿವರಿಸಿದರು. ಅದುವರೆಗೆ ಹುಲಿಯ ಗಣತಿಯೆಂದರೆ ಹೆಜ್ಜೆಗುರುತಿನ ಗಣತಿ. ಮುಂದೆ ಇಡೀ ದೇಶವೇ ಕ್ಯಾಮರಾದ ದಾರಿಯನ್ನು ಹಿಡಿಯಿತು. 2018ರ ಗಣತಿಯಲ್ಲಿ 26,838 ಎಡೆಗಳಲ್ಲಿ ಕ್ಯಾಮರಾಗಳನ್ನು ನಿಲ್ಲಿಸಲಾಗಿತ್ತು. ಅವು ತೆಗೆದ ಚಿತ್ರಗಳು 3 ಕೋಟಿ 48 ಲಕ್ಷಕ್ಕೂ ಮಿಕ್ಕು. ಅವುಗಳಲ್ಲಿ ಹುಲಿಯ ಚಿತ್ರಗಳು 76,651. ಅಷ್ಟು ಎಡೆಗಳಲ್ಲಿ ಯಾರೋ ಒಬ್ಬರು ಮೊಣಕಾಲೂರಿ ಕುಳಿತು ಒಂದು ಪೆಟ್ಟಿಗೆಯನ್ನು ಮರಕ್ಕೋ ಗೂಟಕ್ಕೋ ಕಟ್ಟಿ ಬಂದಿದ್ದಾರೆ, ಮತ್ತೆ ಹೋಗಿ ಬಿಚ್ಚಿ ತಂದಿದ್ದಾರೆ ಎಂಬುದನ್ನು ನೆನೆದರೆ ಆ ಅಂಕಿಗಳಿಗೆ ಮನುಷ್ಯರ ಮುಖ ಬರುತ್ತದೆ.

ಆ ಕಟ್ಟುವ ಕೆಲಸಕ್ಕೂ ತನ್ನದೇ ಶಿಸ್ತು ಉಂಟು. ಹುಲಿಗೆಂದು ಕಟ್ಟುವ ಕ್ಯಾಮರಾ ಮರದ ಮೇಲಿರುವುದಿಲ್ಲ; ನೆಲದಿಂದ ಒಂದೂವರೆ ಅಡಿಯಷ್ಟು, ಮನುಷ್ಯನ ಮೊಣಕಾಲಿನ ಎತ್ತರಕ್ಕೆ ಇರುತ್ತದೆ. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನದರಂತೆ ಇರುವುದಿಲ್ಲವಾದ್ದರಿಂದ ದಾರಿಯ ಎರಡು ಪಕ್ಕಗಳಲ್ಲಿಯೂ ಒಂದೊಂದು ಕ್ಯಾಮರಾ ಬೇಕು. ಅವು ನೇರವಾಗಿ ಎದುರುಬದುರಾದರೆ ಒಂದರ ಬೆಳಕು ಇನ್ನೊಂದರ ಕಣ್ಣು ಕುಕ್ಕುತ್ತದೆ, ಸ್ವಲ್ಪ ಓರೆಯಾಗಿರಬೇಕು. ಉದಯಾಸ್ತಗಳ ಬಿಸಿಲು ನೇರವಾಗಿ ಬೀಳಬಾರದು. ಈಗಿನ ಕ್ಯಾಮರಾ ಚಲಿಸುವ ಮೈಯ ಶಾಖವನ್ನು ಅರಿತು ತೆರೆದುಕೊಳ್ಳುವಂಥದು. ಎದುರಿಗೆ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ತೂಗಾಡಿದರೂ ಮೋಸಹೋಗಿ ಸಾವಿರಾರು ಚಿತ್ರ ತೆಗೆದು ಬ್ಯಾಟರಿ ಮುಗಿಸುತ್ತದೆ. ಪೆಟ್ಟಿಗೆಯೊಳಕ್ಕೆ ತೇವ ನುಗ್ಗುತ್ತದೆ, ಇರುವೆ ಗೂಡು ಕಟ್ಟುತ್ತದೆ. ಆನೆಗೆ ಈ ಪೆಟ್ಟಿಗೆಯನ್ನು ಕಂಡರೆ ಆಗದು. ಸೊಂಡಿಲಿನಿಂದ ಕಿತ್ತು ಕಾಲಿನಿಂದ ತುಳಿಯುತ್ತದೆ. ಕಬ್ಬಿಣದ ಗೂಡು, ಸರಪಣಿ, ಬೀಗಗಳು ಬಂದದ್ದು ಆನೆಗಾಗಿಯೂ ಹೌದು, ಕಳ್ಳರಿಗಾಗಿಯೂ ಹೌದು. ಪಾಂಡವರು ಕಟ್ಟಿದ ಶವದ ಕೆಲಸವನ್ನು ಈಗ ಬೀಗ ಮಾಡುತ್ತಿದೆ.

ಶಿವರಾತ್ರಿಯ ವ್ರತಕಥೆಯ ಬೇಡನನ್ನು ಇಲ್ಲಿ ನೆನೆಯಬಹುದು. ಅವನೂ ಮರಸು ಕುಳಿತವನೇ. ಕೊಳದ ದಡದ ಬಿಲ್ವದ ಮರವನ್ನೇರಿ ರಾತ್ರಿಯೆಲ್ಲ ಎಚ್ಚರವಿದ್ದ. ಅವನ ಪಾತ್ರೆಯ ನೀರೂ ಅವನ ಕೈಗೆ ಸಿಕ್ಕ ಎಲೆಗಳೂ ಕೆಳಗಿದ್ದ ಲಿಂಗದ ಮೇಲೆ ಅವನಿಗರಿವಿಲ್ಲದೆಯೇ ಬಿದ್ದವು. ನೀರಿಗೆ ಬಂದ ಜಿಂಕೆಗಳನ್ನು ಅವನು ಕಂಡ, ಅವುಗಳ ಮಾತು ಕೇಳಿದ, ಕೊಲ್ಲದೆ ಬಿಟ್ಟ. ಕ್ಯಾಮರಾ ಮಾಡುವುದೂ ಅಷ್ಟೇ ಎಂದು ನಾವು ಬೀಗಬಹುದು: ಅದು ನೋಡುತ್ತದೆ, ಕೊಲ್ಲದೆ ಬಿಡುತ್ತದೆ.

ಆದರೆ ಆ ಮಾತನ್ನು ಪೂರ್ತಿಯಾಗಿ ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಬೇಡ ಕೊಲ್ಲದೆ ಬಿಟ್ಟದ್ದು ಕರುಣೆಯಿಂದ. ಯಂತ್ರಕ್ಕೆ ಕರುಣೆಯೂ ಇಲ್ಲ, ಸಂಕೋಚವೂ ಇಲ್ಲ. ಕಾಡಿನ ದಾರಿಯಲ್ಲಿ ನಡೆಯುವುದು ಹುಲಿಯೊಂದೇ ಅಲ್ಲ. ಸೌದೆಗೆ, ಹುಲ್ಲಿಗೆ, ಸೊಪ್ಪಿಗೆ ಹೋಗುವ ಹೆಂಗಸರು ಅದೇ ದಾರಿಯಲ್ಲಿ ನಡೆಯುತ್ತಾರೆ. ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ಹಳ್ಳಿಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಕ್ಯಾಮರಾಗಳ ಇನ್ನೊಂದು ಮುಖವನ್ನು ತೋರಿಸಿತು. ಊರಿನ ಬಿಗಿಯಿಂದ ತುಸು ಬಿಡುಗಡೆ ಪಡೆದು, ಕಾಡಿನಲ್ಲಿ ಹಾಡಿಕೊಂಡು, ಮನಬಿಚ್ಚಿ ಮಾತಾಡಿಕೊಂಡು ಓಡಾಡುತ್ತಿದ್ದ ಹೆಂಗಸರು ಮರದಲ್ಲೊಂದು ಕಣ್ಣಿದೆ ಎಂದು ತಿಳಿದ ಮೇಲೆ ಹಾಡು ನಿಲ್ಲಿಸಿದರು; ಕಣ್ಣಿಲ್ಲದ ಎಡೆಯನ್ನು ಅರಸಿ ಅಪರಿಚಿತವಾದ ದಾರಿಗಳನ್ನು ಹಿಡಿದರು. ಹಾಡು, ಗಟ್ಟಿ ಮಾತು ಕಾಡಿನಲ್ಲಿ ಬರಿಯ ಉಲ್ಲಾಸವಲ್ಲ; ಮನುಷ್ಯರು ಬರುತ್ತಿದ್ದಾರೆಂದು ಆನೆಗೆ, ಹುಲಿಗೆ ಕೊಡುವ ಸೂಚನೆ. ಅದು ನಿಂತಾಗ ಅಪಾಯ ಹೆಚ್ಚುತ್ತದೆ. ಕ್ಯಾಮರಾ ಯಾರ ತಲೆಯ ಮೇಲೂ ಬೀಳಲಿಲ್ಲ. ಆದರೂ ಅದರಡಿಯಲ್ಲಿ ನಡೆದವರಿಗೆ ಪೆಟ್ಟಾಯಿತು.

ಭದ್ರವಾಗಿ ತೂಗುಹಾಕುವುದೆಂದರೆ ಏನೆಂಬ ಪ್ರಶ್ನೆ ಇಲ್ಲಿ ತನ್ನ ಪೂರ್ಣ ಅರ್ಥವನ್ನು ಪಡೆಯುತ್ತದೆ. ವಸ್ತು ಬೀಳದಂತೆ, ಕೆಡದಂತೆ, ಕಳವಾಗದಂತೆ ಕಟ್ಟಿದರೆ ಅದು ನಮ್ಮ ಭದ್ರತೆ. ಕೆಳಗೆ ನಡೆಯುವವರ ಭದ್ರತೆ ಬೇರೆ. ಕ್ಯಾಮರಾ ಕಟ್ಟುವ ಮುನ್ನ ಆ ದಾರಿಯಲ್ಲಿ ಯಾರು ನಡೆಯುವರೆಂದು ಊರಿನವರನ್ನು ಕೇಳುವುದು, ಎಲ್ಲಿ ಕಟ್ಟಿದೆ ಎಂದು ಅವರಿಗೆ ತಿಳಿಸುವುದು, ಮನುಷ್ಯರ ಚಿತ್ರಗಳು ಸಿಕ್ಕರೆ ಅವು ಯಾರ ಕೈಗೂ ಹೋಗದಂತೆ ಅಳಿಸುವುದು, ಇವೂ ಗಂಟು ಬಿಗಿಯುವಷ್ಟೇ ಮುಖ್ಯವಾದ ಕೆಲಸಗಳು.

ಮರಕ್ಕೆ ತೂಗುವ ಇನ್ನೊಂದು ವಸ್ತು ಉಂಟು. ಅದನ್ನು ಹೇಳದೆ ಈ ಮಾತನ್ನು ಮುಗಿಸುವುದು ನ್ಯಾಯವಲ್ಲ. ಅದು ಉರುಳು. ಸೈಕಲ್ಲಿನ ಬ್ರೇಕಿನ ತಂತಿಯಿಂದ ಮಾಡಿ, ತೋಟದ ಬೇಲಿಯ ಕಂಡಿಯಲ್ಲಿ ಗಿಡಕ್ಕೋ ಗೂಟಕ್ಕೋ ಬಿಗಿದು, ಹಂದಿ ಸಿಕ್ಕೀತೆಂದು ಬಿಟ್ಟು ಹೋಗುವ ಜೀರುಗುಣಿಕೆ. ಅದಕ್ಕೆ ಹಂದಿ ಯಾವುದು, ಚಿರತೆ ಯಾವುದು, ಊರಿನ ನಾಯಿ ಯಾವುದು ಎಂಬ ಭೇದವಿಲ್ಲ. ಸೊಂಟಕ್ಕೆ ತಂತಿ ಬಿಗಿದ ಚಿರತೆ ಬೇಲಿಯಲ್ಲಿ ಒದ್ದಾಡಿ ಸಾಯುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಬೆಳೆ ಕಳೆದುಕೊಂಡ ರೈತನ ಸಂಕಟ ಸುಳ್ಳಲ್ಲ. ಆದರೆ ಉರುಳು ಅವನ ಸಂಕಟಕ್ಕೆ ಉತ್ತರವಲ್ಲ. ಮರಸು ಕುಳಿತ ಬೇಟೆಗಾರನಿಗೆ ತಾನು ಯಾವುದನ್ನು ಕೊಲ್ಲುತ್ತಿರುವೆನೆಂದಾದರೂ ತಿಳಿದಿತ್ತು. ಉರುಳು ಕಟ್ಟಿದವನು ಅದನ್ನೂ ನೋಡಲು ಒಲ್ಲದೆ ಬೆನ್ನು ತಿರುಗಿಸಿ ಹೋಗುತ್ತಾನೆ. ಎಷ್ಟೋ ಬಾರಿ ತಾನು ಕಟ್ಟಿದ್ದು ಎಲ್ಲಿ ಎಂಬುದೂ ಅವನಿಗೆ ಮರೆತುಹೋಗುತ್ತದೆ. ಉರುಳು ಮರೆಯುವುದಿಲ್ಲ.

ಪಟ್ಟಣದಲ್ಲಿ ವಾಸಿಸುವ ನಮಗೆ ಕೋವಿಯೂ ಇಲ್ಲ, ಕಾಡಿನ ಕ್ಯಾಮರಾವೂ ಇಲ್ಲ, ಈ ಮಾತೆಲ್ಲ ನಮಗೇಕೆ ಎಂದು ಕೇಳುವವರು ತಮ್ಮ ಬೀದಿಯ ಮರಗಳನ್ನು ಒಮ್ಮೆ ನೋಡಬೇಕು. ಟ್ಯೂಷನ್ನಿನ ಫಲಕ, ಬಾಡಿಗೆಮನೆಯ ಫಲಕ, ಹಬ್ಬ ಕಳೆದು ತಿಂಗಳಾದರೂ ಇಳಿಸದ ದೀಪದ ಸರ, ಯಾರದೆಂದು ತಿಳಿಯದ ತಂತಿಯ ಸುರುಳಿ, ಇವೆಲ್ಲ ಹೊಂಗೆಯ ಮರಕ್ಕೆ, ಮಳೆಮರಕ್ಕೆ, ಗುಲ್‌ಮೊಹರಿಗೆ ತೂಗುತ್ತಿವೆ. ಬೆಂಗಳೂರಿನಲ್ಲಿ ನಾಗರಿಕರೇ ಸೇರಿ ಬೀದಿಮರಗಳಿಂದ ಮೊಳೆ ಕೀಳುವ ಕೆಲಸಕ್ಕೆ ಕೈಹಾಕಬೇಕಾಗಿ ಬಂದಿತು. ಹೊಡೆಯುವಾಗ ಒಂದು ನಿಮಿಷವೂ ಹಿಡಿಯದ ಮೊಳೆಯನ್ನು ತೊಗಟೆ ಹರಿಯದಂತೆ ಕೀಳಲು ಎಷ್ಟು ತಾಳ್ಮೆ ಬೇಕೆಂದು ಅವರನ್ನು ಕೇಳಬೇಕು.

ತೂಗುಹಾಕುವ ವಿದ್ಯೆಯ ಕಡೆಯ ಪಾಠ ಇಳಿಸುವುದರಲ್ಲಿದೆ. ನಕುಲ ಅಷ್ಟು ಜತನದಿಂದ ಕಟ್ಟಿದ್ದು ಒಂದು ದಿನ ಬಂದು ಬಿಚ್ಚಬೇಕೆಂಬ ನೆನಪು ಅವನಲ್ಲಿ ಇದ್ದುದರಿಂದ. ಮರಕ್ಕೆ ಏನನ್ನಾದರೂ ಕಟ್ಟಲು ಕೈ ಎತ್ತುವವರು ಹಗ್ಗದ ಬಲವನ್ನು ನೋಡುವ ಮುನ್ನ ಈ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ಇದನ್ನು ಬಿಚ್ಚಲು ನಾನು ಯಾವ ದಿನ ಬರುತ್ತೇನೆ? ಆ ದಿನ ಗೊತ್ತಿಲ್ಲವೆಂದಾದರೆ ಕಟ್ಟದಿರುವುದೇ ಲೇಸು.